ಸರ್ವಿಸ್ ರಸ್ತೆಯಲ್ಲಿ ಸೈಕಲ್ ಸವಾರಿ: ಕಾರು, ಟ್ರ್ಯಾಕ್ಟರ್ ನಡುವೆ ಸೇಫಾಗಿ ಸಾಗೋದು ಹೇಗೆ?

ಮಂಡ್ಯ: ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶ ಇಲ್ಲ. ಮೋಟಾರ್ ಇಲ್ಲದ ವಾಹನಗಳಿಗೂ ಇದೇ ನಿಯಮ. ಹಾಗಾಗಿ ಸೈಕಲ್‌ನವರು, ಬೈಕ್‌ನವರು, ಕಬ್ಬಿನ ಟ್ರ್ಯಾಕ್ಟರ್, ಊರೊಳಗಿನ ಕಾರು ಎಲ್ಲಾ ಸರ್ವಿಸ್ ರಸ್ತೆಯನ್ನೇ ಹಂಚಿಕೊಳ್ಳಬೇಕು. ಶಾಲೆ ಮಕ್ಕಳು, ಪೇಪರ್ ಹಾಕುವವರು, ಗಾರೆ ಕೆಲಸಕ್ಕೆ ಹೋಗುವವರು ದಿನಾ ಓಡಾಡುವುದು ಇಲ್ಲೇ.

ಎದುರು ದಿಕ್ಕು ಬೇಡವೇ ಬೇಡ
ಅಂಡರ್‌ಪಾಸ್ ದೂರ ಅಂತ ರಾಂಗ್ ಸೈಡಲ್ಲಿ ಹೋಗೋರು ಜಾಸ್ತಿ. ಲೆಕ್ಕ ನೋಡಿ: ಕಾರಿನ ವೇಗ ಗಂಟೆಗೆ 60 ಕಿ.ಮೀ., ಸೈಕಲ್‌ದು 15. ಒಂದೇ ದಿಕ್ಕಲ್ಲಿದ್ದರೆ ಕಾರು 45 ಕಿ.ಮೀ. ವೇಗದಲ್ಲಿ ಹತ್ತಿರವಾಗುತ್ತೆ, ಎದುರಾದರೆ 75. ಚಾಲಕ 50 ಮೀಟರ್ ದೂರದಲ್ಲಿ ನಿಮ್ಮನ್ನು ನೋಡಿದರೆ, ಮೊದಲನೆಯದರಲ್ಲಿ 4 ಸೆಕೆಂಡ್ ಸಮಯ ಸಿಗುತ್ತೆ. ಎರಡನೆಯದರಲ್ಲಿ ಎರಡೂವರೆ ಸೆಕೆಂಡೂ ಇಲ್ಲ.

ಅಂಚಿಗೆ ಅಂಟಿಕೊಳ್ಳಬೇಡಿ
ತೀರಾ ಅಂಚಲ್ಲಿ ಮರಳು, ಕಬ್ಬಿನ ಸೋಗೆ, ಚರಂಡಿ ಮುಚ್ಚಳ ಇರುತ್ತೆ. ಅದನ್ನು ತಪ್ಪಿಸೋಕೆ ದಿಢೀರ್ ಬಲಕ್ಕೆ ಎಳೆದಾಗಲೇ ಹಿಂದಿನ ಗಾಡಿ ತಗುಲೋದು. ಎಡಬದಿಯಲ್ಲೇ ಇರಿ, ಆದರೆ ಅಂಚಿನಿಂದ ಎರಡು-ಮೂರು ಅಡಿ ಬಿಟ್ಟು ನೇರ ಗೆರೆಯಲ್ಲಿ ಹೋಗಿ. ತಿರುಗುವ ಮೊದಲು ಹಿಂದೆ ನೋಡಿ, ಕೈ ತೋರಿಸಿ.

ಕಬ್ಬಿನ ಗಾಡಿ ಪಕ್ಕ ನುಗ್ಗಬೇಡಿ
ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಎಡಕ್ಕೆ ತಿರುಗುವಾಗ ಹಿಂದಿನ ಟ್ರೇಲರ್ ಇನ್ನಷ್ಟು ಒಳಕ್ಕೆ ಬರುತ್ತೆ. ಲೋಡ್ ಇದ್ದರೆ ಚಾಲಕನಿಗೆ ಹಿಂದೆ ಏನೂ ಕಾಣಲ್ಲ. ಲಾರಿ, ಬಸ್ ವಿಷಯದಲ್ಲೂ ಅಷ್ಟೇ: ಕನ್ನಡಿಯಲ್ಲಿ ಚಾಲಕನ ಮುಖ ನಿಮಗೆ ಕಾಣದಿದ್ದರೆ ನೀವೂ ಅವರಿಗೆ ಕಾಣಲ್ಲ. ಹಿಂದೆಯೇ ಇರಿ.

ಕತ್ತಲಲ್ಲಿ
ಹಿಂದೆ ಕೆಂಪು ರಿಫ್ಲೆಕ್ಟರ್, ಮುಂದೆ ಸಣ್ಣ ಲೈಟ್, ತಿಳಿ ಬಣ್ಣದ ಅಂಗಿ ಇರಲಿ. ಪೆಡಲ್‌ಗೂ ರಿಫ್ಲೆಕ್ಟರ್ ಇದ್ದರೆ ಒಳ್ಳೇದು, ಅದು ಮೇಲೆ ಕೆಳಗೆ ಆಡೋದರಿಂದ ಬೇಗ ಕಣ್ಣಿಗೆ ಬೀಳುತ್ತೆ.

ಕಾರಿನವರು, ಅಂಗಡಿಯವರು ಗಮನಿಸಿ
ರಸ್ತೆ ಬದಿ ಕಾರು ನಿಲ್ಲಿಸಿ ಇಳಿಯುವ ಚಾಲಕರು ಬಾಗಿಲನ್ನು ಎಡಗೈಯಲ್ಲಿ ತೆಗೆದು ನೋಡಿ. ಮೈ ತಾನಾಗೇ ಬಲಕ್ಕೆ ತಿರುಗಿ, ಹಿಂದೆ ಬರುವ ಸೈಕಲ್ ಕಾಣುತ್ತೆ. ಸೈಕಲ್‌ನವರೂ ನಿಂತ ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇರಬೇಕು. ಅಂಗಡಿ ಬೋರ್ಡ್, ಕ್ರೇಟ್, ಅನ್‌ಲೋಡ್ ಮಾಡುವ ಗೂಡ್ಸ್ ಆಟೊ ರಸ್ತೆಗೆ ಬಂದಷ್ಟೂ ಸೈಕಲ್‌ನವರು ವಾಹನಗಳ ಮಧ್ಯಕ್ಕೆ ಹೋಗಬೇಕಾಗುತ್ತೆ. ಶಾಲೆ ಶುರುವಾಗೋ, ಬಿಡೋ ಹೊತ್ತಲ್ಲಾದರೂ ಜಾಗ ಬಿಡಿ.

ಅಪಘಾತ ಆದರೆ
108 ಅಥವಾ 112ಕ್ಕೆ ಕರೆ ಮಾಡಿ. 'ಪೊಲೀಸ್ ಕೇಸ್ ತಲೆ ಮೇಲೆ ಬರುತ್ತೆ' ಅನ್ನೋ ಭಯ ಬೇಡ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ, ಒಳ್ಳೆ ಮನಸ್ಸಿಂದ ನೆರವಾದವರಿಗೆ ರಕ್ಷಣೆ ಕೊಡುತ್ತೆ. ಹೆಸರು ಹೇಳಲೇಬೇಕು ಅಂತ ಅವರನ್ನು ಒತ್ತಾಯಿಸುವಂತಿಲ್ಲ.