ಬಾಂಡ್ ಓಡಿಸಿದ ಘಾಟಿಗೆ ಹನೂರು ದಾರಿ!

ಬಸ್ ಸ್ಟ್ಯಾಂಡಿನ ಅಂಗಡಿ ಮುಂದೆ ನಿಂತು ಈ ಪುಟ ಬಿಡಿಸಿರುವ ಗೆಳೆಯಾ, ಬಸ್ಸು ಬರೋದರೊಳಗೆ ಒಂದು ಪ್ರಶ್ನೆ. ಪರದೆ ಮೇಲೆ ನಾಯಕ ಕಪ್ಪು ಕನ್ನಡಕ ಏರಿಸಿ, ಕಾರಿನ ಬಾಗಿಲು ದಡಾರನೆ ಹಾಕಿ, ಹಿಮದ ಬೆಟ್ಟಗಳ ನಡುವೆ ಭರ್ರಂತ ಹೊರಡ್ತಾನಲ್ಲ... ಅವನು ಯಾವತ್ತಾದರೂ ಆಕಳಿಸಿದ್ದನ್ನು ನೋಡಿದ್ದೀಯಾ?

ನಾನಂತೂ ನೋಡಿಲ್ಲ. ನೋಡಿದ್ದಿದ್ದರೆ ಈ ಲೇಖನ ಬರೆಯುವ ಪ್ರಸಂಗವೇ ಬರ್ತಿರಲಿಲ್ಲ!

ನಾವು ಮೂವರು. ನಾನು ಕೊಳ್ಳೇಗಾಲ. ಇನ್ನಿಬ್ಬರು ಹನೂರು ಮತ್ತು ಯಳಂದೂರು. ಐಟಿಐ ಓದುವಾಗಿನಿಂದ ಊರ ಹೆಸರಲ್ಲೇ ಕೂಗಿಕೊಂಡು ಅಭ್ಯಾಸ, ಇಲ್ಲೂ ಹಾಗೇ ಬರೀತೀನಿ. ನಾನು ರೇಷ್ಮೆ ಗೂಡು ಸಾಗಿಸುವ ಟೆಂಪೋ ಓಡಿಸ್ತೀನಿ. ಹನೂರಿನವನದು ಬೋರ್‌ವೆಲ್ ಮೋಟಾರ್ ರಿಪೇರಿ ಅಂಗಡಿ. ಯಳಂದೂರಿನವನು ಲೆಕ್ಕ ಬರೆಯೋ ಗುಮಾಸ್ತ. ಮೂವರೂ ಸೇರಿ ಮೂರು ವರ್ಷ ಚೀಟಿ ಕಟ್ಟಿದ್ದೇವೆ. ಯಾತಕ್ಕೆ ಅಂತೀರಾ? ಫಾರಿನ್ನಿಗೆ ಹೋಗಿ, ಬಾಡಿಗೆ ಕಾರು ತಗೊಂಡು, ನಾವೇ ಓಡಿಸಿಕೊಂಡು ಹಳ್ಳಿ ಹಳ್ಳಿ ಸುತ್ತೋದಕ್ಕೆ!

ಈ ಹುಚ್ಚು ಹತ್ತಿದ್ದು ಸಿನಿಮಾದಿಂದಲೇ, ಬೇರೆ ಎಲ್ಲಿಂದ ಹತ್ತಬೇಕು? ಅಣ್ಣಾವ್ರ ಮನೆತನದ ಸಿಂಗಾನಲ್ಲೂರು ನಮ್ಮ ತಾಲ್ಲೂಕೇ ತಾನೆ. 1968ರಲ್ಲಿ 'ಜೇಡರ ಬಲೆ'ಯಲ್ಲಿ ಅವರು ಸಿ.ಐ.ಡಿ. 999 ಆಗಿ ಬಂದಾಗ ಕನ್ನಡಕ್ಕೊಬ್ಬ ಜೇಮ್ಸ್ ಬಾಂಡ್ ಸಿಕ್ಕಿದ. 1978ರಲ್ಲಿ ಅದೇ 999 'ಆಪರೇಷನ್ ಡೈಮಂಡ್ ರಾಕೆಟ್'ಗೆ ನೇಪಾಳಕ್ಕೇ ಹೊರಟ. ಅದೇ ವರ್ಷ ವಿಷ್ಣು-ದ್ವಾರಕೀಶ್ ಜೋಡಿ ಸಿಂಗಪುರಕ್ಕೆ ಹಾರಿ 'ರಾಜಾ ಕುಳ್ಳ'ನ ಕಥೆ ಹೇಳಿತು. ಇವೆಲ್ಲ ನಾನು ಹುಟ್ಟೋಕೆ ಮುಂಚಿನವು. ಆದರೆ ನಮ್ಮಪ್ಪ ಟಾಕೀಸಿನ ನೆಲದಲ್ಲಿ ಕೂತು ನೋಡಿದ್ದನ್ನ ಊಟಕ್ಕೆ ಕೂತಾಗೆಲ್ಲ ಹೇಳಿ ಹೇಳಿ, ನನಗೂ ನೋಡಿದ ಹಾಗೇ ಆಗಿಬಿಟ್ಟಿದೆ.

ಆಮೇಲೆ ಮೊಬೈಲಿನಲ್ಲಿ ಅಸಲಿ ಬಾಂಡ್ ಸಿಕ್ಕಿದ. 1964ರ 'ಗೋಲ್ಡ್‌ಫಿಂಗರ್'. ಷಾನ್ ಕಾನರಿ, ಆಸ್ಟನ್ ಮಾರ್ಟಿನ್ ಡಿಬಿ5, ಹಾವಿನ ಹಾಗೆ ಸುತ್ತಿ ಏರುವ ದಾರಿ. ಅದು ಸ್ವಿಟ್ಜರ್ಲೆಂಡಿನ ಫುರ್ಕಾ ಘಾಟಿ, ಎತ್ತರ 2,429 ಮೀಟರ್. ನೋಡಿದ ತಕ್ಷಣ ನಾನು ಅಂದೆ, 'ಲೇ, ಇದು ನಮ್ಮ ಮಾದಪ್ಪನ ಬೆಟ್ಟದ ದಾರಿ ಕಣ್ಲಾ, ಒಸಿ ಗುಂಡಿ ಕಮ್ಮಿ!' ಯಳಂದೂರಿನವನಿಗೆ ಬಾಂಡ್ ಬೇಡ. ಅವನಿಗೆ ಬೇಕಾದ್ದು ಶಾರುಖ್-ಕಾಜೋಲ್ ಜೋಡಿಯ 'ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ' 1995ರಲ್ಲಿ ತೋರಿಸಿದ ಸಾನೆನ್ ಹಳ್ಳಿ, ಮರದ ಮನೆಗಳು, ಹಸುವಿನ ಕೊರಳ ಗಂಟೆ. ಸರಿ, ಸ್ವಿಟ್ಜರ್ಲೆಂಡೇ ಅಂತ ತೀರ್ಮಾನ.

ಮೊದಲ ಪ್ಲಾನು ನಾನೇ ಬರೆದದ್ದು. ಹತ್ತು ದಿನ, ಐದು ದೇಶ, 2,900 ಕಿಲೋಮೀಟರ್! ವಿಮಾನ ಇಳಿದ ತಕ್ಷಣ ಕಾರು, ಮೊದಲ ದಿನವೇ 420 ಕಿ.ಮೀ. ಹನೂರಿನವನು ಓದಿ ತಲೆ ಕೆರೆದುಕೊಂಡ.

'ಆಯ್ತದಾ?'

'ಯಾಕಾಗಲ್ಲ? ಎಷ್ಟು ರಾತ್ರಿ ರಾಮನಗರಕ್ಕೆ ಗೂಡು ಹೊಡೆದಿಲ್ಲ ನಾನು?'

'ಹಂಗಾರೆ ಇಲ್ಲೇ ಒಂದಿನ ಓಡ್ಸಿ ತೋರ್ಸು.'

ಹೀಗೆ ಶುರುವಾಯ್ತು ರಿಹರ್ಸಲ್. ಬೆಳಗಿನ ಜಾವ ನಾಲ್ಕಕ್ಕೆ ಕೊಳ್ಳೇಗಾಲ ಬಿಡೋದು, ಹನೂರು ದಾಟಿ ಮಲೆ ಮಹದೇಶ್ವರ ಬೆಟ್ಟ, ವಾಪಸ್ಸು ಬಂದು ಯಳಂದೂರು, ಅಲ್ಲಿಂದ ಬಿಳಿಗಿರಿರಂಗನ ಬೆಟ್ಟ, ಕಾಡಿನ ಗೇಟು ಹಾಕೋದರೊಳಗೆ ಇಳಿಯೋದು. ಒಟ್ಟು ಸುಮಾರು 250 ಕಿ.ಮೀ. ನಮ್ಮ ಸೋದರಮಾವನ ಹಳೇ ಮಾರುತಿ ಕಾಡಿ ಬೇಡಿ ತಂದೆ. ಗೆಳೆಯರಿಬ್ಬರೂ ಹಿಂದಿನ ಸಂಜೆಯೇ ನಮ್ಮ ಮನೆಗೆ ಬಂದರು. ನಾನು ಮಾತ್ರ ಅದರ ಹಿಂದಿನ ರಾತ್ರಿ ಗೂಡು ತುಂಬಿಕೊಂಡು ರಾಮನಗರಕ್ಕೆ ಹೋದವನು, ಹಗಲೆಲ್ಲ ಮಾರುಕಟ್ಟೆಯಲ್ಲಿ ನಿಂತು, ರಾತ್ರಿ ಹತ್ತಕ್ಕೆ ವಾಪಸ್ಸಾಗಿದ್ದೆ. ಮಲಗಿದ್ದು ಹನ್ನೆರಡಕ್ಕೆ, ಎದ್ದದ್ದು ಮೂರೂವರೆಗೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಹೀರೋ ಹೆಂಗಾಗ್ತೀನಿ?

ಹನೂರು ದಾಟಿತು. ಕೌದಳ್ಳಿ ಕಡೆಗೆ ದಾರಿ ಖಾಲಿ. ತಣ್ಣನೆ ಗಾಳಿ, ಸಣ್ಣಗೆ ಹಾಡು. ಐದು ಗಂಟೆ ಇರಬಹುದು...

ಆಮೇಲಿನ ಒಂದು ಚೂರು ಫಿಲಂ ನನ್ನ ತಲೆಯಲ್ಲಿ ಇಲ್ಲವೇ ಇಲ್ಲ. ಕತ್ತರಿಸಿ ಎಸೆದ ಹಾಗೆ! ಚಕ್ರ ಟಾರು ಬಿಟ್ಟು ಜಲ್ಲಿಗೆ ಇಳಿದ ಸದ್ದು. ಕಣ್ಣು ಬಿಟ್ಟರೆ ಲೈಟಿನ ಬೆಳಕಿನಲ್ಲಿ ಹುಣಸೆ ಮರದ ಬೊಡ್ಡೆ, ಒಂದೊಂದು ಬಿರುಕೂ ಎಣಿಸಬಹುದು ಅಷ್ಟು ಹತ್ತಿರ. ಪಕ್ಕದಿಂದ ಹನೂರಿನವನ ಕೈ ಸ್ಟೇರಿಂಗ್ ಎಳೀತಾ ಇತ್ತು, ಇನ್ನೊಂದು ಕೈಯಲ್ಲಿ ಹ್ಯಾಂಡ್ ಬ್ರೇಕ್. ಗಾಡಿ ಗಿರ್ರಂತ ತಿರುಗಿ ಹೊಲದ ಬದುವಿಗೆ ತಾಗಿ ನಿಂತಿತು.

ಯಾರಿಗೂ ಒಂದು ಗೀರೂ ಆಗಲಿಲ್ಲ. ಹಿಂದಿನ ಸೀಟಿನಲ್ಲಿ ಮಲಗಿದ್ದ ಯಳಂದೂರಿನವನು ಕಣ್ಣುಜ್ಜಿಕೊಂಡು, 'ಬೆಟ್ಟ ಬಂತಾ?' ಅಂದ.

ಹನೂರಿನವನು ನನ್ನನ್ನೇ ನೋಡ್ತಾ ಇದ್ದ. ಕೂಗಾಡಲಿಲ್ಲ. 'ಮನ್ಗಿದ್ದಲ್ಲ ನೀನು' ಅಂದ ಅಷ್ಟೇ. ಬೆಳಕು ಹರಿಯುವವರೆಗೆ ಬದುವಿನ ಮೇಲೆ ಕೂತಿದ್ದು, ಮೊದಲ ಬಸ್ಸು ಹತ್ತಿ ಅವನ ಪಾಡಿಗೆ ಅವನು ಊರಿಗೆ ಹೋದ. ಎಂಟು ದಿನ ಫೋನ್ ಎತ್ತಲಿಲ್ಲ.

ಆ ಎಂಟು ದಿನ ನಾನು ನೋಡಿದ ಕಡೆಯಲ್ಲೆಲ್ಲ ಶಂಕರಣ್ಣ! ನಿಮಗೂ ಗೊತ್ತು, ಆಟೋ ಹಿಂದೆ ಅವರ ಚಿತ್ರ ಇಲ್ಲದ ಊರು ಕರ್ನಾಟಕದಲ್ಲಿ ಉಂಟೇ? 1985ರಲ್ಲಿ 'ಆಕ್ಸಿಡೆಂಟ್' ಅಂತಲೇ ಚಿತ್ರ ನಿರ್ದೇಶಿಸಿ, ಮತ್ತಿನಲ್ಲಿ ಕಾರು ಓಡಿಸಿದ ಶ್ರೀಮಂತರ ಹುಡುಗ ಫುಟ್‌ಪಾತಿನಲ್ಲಿ ಮಲಗಿದ್ದವರ ಮೇಲೆ ಹತ್ತಿಸಿದ ಕಥೆ ಹೇಳಿದವರು. ಅವರನ್ನೇ ರಸ್ತೆ ನುಂಗಿತು, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ. ಮೂವತ್ತಾರು ತುಂಬಿರಲಿಲ್ಲ. ಆ ಅಪಘಾತಕ್ಕೂ ನನ್ನ ತೂಕಡಿಕೆಗೂ ಗಂಟು ಹಾಕ್ತಾ ಇಲ್ಲ, ಹಾಗೆ ಮಾಡಿದರೆ ಪಾಪ. ಆದರೆ ಟೀ ಅಂಗಡಿ ಮುಂದೆ ನಿಂತ ಆಟೋ ಹಿಂದಿನಿಂದ ಆ ಗಡ್ಡದ ಮುಖ ನನ್ನ ಕಡೆ ನೋಡಿದರೆ ಟೀ ಗಂಟಲಲ್ಲಿ ಇಳೀತಿರಲಿಲ್ಲ.

ಒಂಬತ್ತನೇ ದಿನ ಹನೂರಿನವನು ತಾನೇ ಬಂದ. ಕೈಯಲ್ಲಿ ನನ್ನ ಪ್ಲಾನು. ಮೊದಲ ಸಾಲಿನ ಮೇಲೆ ಬೆರಳಿಟ್ಟ. 'ರಾತ್ರಿಯೆಲ್ಲಾ ಪ್ಲೇನಲ್ಲಿ ಕುಂತಿರ್ತೀಯಾ. ಇಳ್ದೇಟ್ಗೆ 420 ಕಿಲೋಮೀಟ್ರು. ಇದೂ ಅದೇ ಹುಣಸೆ ಮರ ಕನಾ.'

ನನ್ನ ಬಾಯಿ ಬಂದ್! ಜೂನ್ ತಿಂಗಳಲ್ಲಿ ಅಲ್ಲಿಗೂ ನಮಗೂ ಮೂರೂವರೆ ಗಂಟೆ ವ್ಯತ್ಯಾಸ. ಅಲ್ಲಿ ಸಂಜೆ ಏಳು ಅಂದರೆ ನಮ್ಮ ಮೈಗೆ ರಾತ್ರಿ ಹತ್ತೂವರೆ. ಸೂರ್ಯ ಮಾತ್ರ ಒಂಬತ್ತು ದಾಟುವವರೆಗೆ ಮುಳುಗೋದಿಲ್ಲ. ಹೊರಗೆ ಬೆಳಕಿದೆ, ಇನ್ನೊಂದು ಊರು ಹೊಡೆಯೋಣ ಅನ್ನಿಸುತ್ತೆ. ಅಲ್ಲೇ ಇರೋದು ಮೋಸ.

ಹಳೇ ಹಾಳೆ ಹರಿದು ಹೊಸದು ಬರೆದೆವು. ಈ ಸಲ ಪೆನ್ನು ಯಳಂದೂರಿನವನ ಕೈಗೆ. ಐದು ದೇಶ ಹೋಗಿ ಒಂದೇ ದೇಶ. ಇಳಿದ ದಿನ ಜ್ಯೂರಿಕ್‌ನಲ್ಲಿ ನಿದ್ದೆ, ಕಾರು ಮರುದಿನವೇ. ಲುಸರ್ನ್ ಮೇಲೆ ಹಾದು ಇಂಟರ್‌ಲಾಕನ್, ಅಲ್ಲಿ ಮೂರು ರಾತ್ರಿ. ಅಲ್ಲಿಂದಲೇ ಸಾನೆನ್ ನೋಡಿ ಬರೋದು, ಹೋಗೋದಕ್ಕೆ ಸುಮಾರು 70 ಕಿ.ಮೀ. ಕೊನೆಗೆ ಗ್ರಿಮ್ಸೆಲ್ ಘಾಟಿ ಹತ್ತಿ, ಬಾಂಡ್‌ನ ಫುರ್ಕಾ ದಾಟಿ, ಆಂಡರ್‌ಮಾಟ್‌ನಲ್ಲಿ ತಂಗಿ ವಾಪಸ್ಸು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸ್ಟೇರಿಂಗ್ ಹಿಡಿಯುವಂತಿಲ್ಲ. ಈ ಘಾಟಿಗಳು ಚಳಿಗಾಲದಲ್ಲಿ ಹಿಮ ಬಿದ್ದು ಮುಚ್ಚಿರ್ತವೆ. ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರೋದು, ಅದಕ್ಕೇ ಜೂನ್ ಕೊನೇ ವಾರ ಇಟ್ಟುಕೊಂಡೆವು.

ಕಾಗದ ಪತ್ರದ ಕೆಲಸವೂ ನಾವು ಹೆದರಿಕೊಂಡಷ್ಟು ಇಲ್ಲ. ಪಾಸ್‌ಪೋರ್ಟಿಗೆ ಮೈಸೂರು ಸಾಕು. 2017ರಲ್ಲಿ ಅಂಚೆ ಕಚೇರಿಯಲ್ಲೇ ಪಾಸ್‌ಪೋರ್ಟ್ ಕೇಂದ್ರ ಶುರುವಾದ ದೇಶದ ಮೊದಲ ಊರುಗಳಲ್ಲಿ ಮೈಸೂರೂ ಒಂದು. ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಅಂತ ಒಂದಿದೆ. ಅದು ನಮ್ಮ ಚಾಮರಾಜನಗರದ ಆರ್.ಟಿ.ಓ. ಕೆಲಸ. ನಮೂನೆ 4-ಎ, ಶುಲ್ಕ 1,000 ರೂಪಾಯಿ, ಅವಧಿ ಹೆಚ್ಚೆಂದರೆ ಒಂದು ವರ್ಷ. ಅಸಲಿ ಲೈಸೆನ್ಸೂ ಜೊತೆಗಿರಬೇಕು, ಬರೀ ಇದನ್ನು ತೋರಿಸಿದರೆ ನಡೆಯೋದಿಲ್ಲ. ಷೆಂಗೆನ್ ವೀಸಾಗೆ 90 ಯೂರೋ, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆ. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಹದಿನೈದು ದಿನಕ್ಕಿಂತ ತಡ ಮಾಡುವಂತಿಲ್ಲ. ಕಾರು ಬಾಡಿಗೆಗೆ ಕೊಡುವವರು ಸಾಮಾನ್ಯವಾಗಿ ಓಡಿಸುವವನ ಹೆಸರಲ್ಲೇ ಕ್ರೆಡಿಟ್ ಕಾರ್ಡ್ ಕೇಳ್ತಾರೆ. ಇನ್ನೊಬ್ಬನೂ ಓಡಿಸ್ತಾನೆ ಅಂದರೆ ಅವನ ಹೆಸರನ್ನೂ ಕರಾರಿನಲ್ಲಿ ಬರೆಸಲೇಬೇಕು, ಇಲ್ಲದಿದ್ದರೆ ವಿಮೆ ಕೈ ಕೊಡುತ್ತೆ. ನಾವು ಇಬ್ಬರ ಹೆಸರೂ ಬರೆಸ್ತಿದ್ದೇವೆ.

ಅಲ್ಲಿ ಗಾಡಿ ಬಲಕ್ಕೆ, ಸ್ಟೇರಿಂಗ್ ಎಡಕ್ಕೆ. ಗೇರು ಬಲಗೈಗೆ. ಆಟೋಮ್ಯಾಟಿಕ್ ಕೇಳಿದರೆ ಬಾಡಿಗೆ ಜಾಸ್ತಿ, ಆದರೂ ಅದೇ ಇರಲಿ ಅಂದ ಯಳಂದೂರಿನವನು. ಖರ್ಚಿನ ಮಾತಿನಲ್ಲಿ ಅವನು ಕೈ ಬಿಚ್ಚಿದ್ದು ಅದೊಂದೇ ಸಲ! ನೆನಪಿಡೋದಕ್ಕೆ ಒಂದು ಗುಟ್ಟು ಹೇಳ್ತೀನಿ ಕೇಳಿ. ಇಲ್ಲೇ ಆಗಲಿ ಅಲ್ಲೇ ಆಗಲಿ, ಓಡಿಸುವವನು ಕೂರೋದು ರಸ್ತೆಯ ನಡುಗೆರೆ ಕಡೆಗೆ. ನೀನು ಚರಂಡಿ ಪಕ್ಕ ಕೂತಿದ್ದೀಯಾ ಅಂದರೆ ತಪ್ಪು ದಾರಿಯಲ್ಲಿದ್ದೀಯಾ! ಹೆದ್ದಾರಿಗೆ ವರ್ಷದ ಚೀಟಿ 40 ಫ್ರಾಂಕ್, ಬಾಡಿಗೆ ಕಾರಿಗೆ ಸಾಮಾನ್ಯವಾಗಿ ಅವರೇ ಅಂಟಿಸಿರ್ತಾರೆ. ಊರೊಳಗೆ 50, ಊರಾಚೆ 80 ಕಿ.ಮೀ. ವೇಗ. ಊರೊಳಗೆ ಐದು ಕಿಲೋಮೀಟರ್ ಹೆಚ್ಚಾದರೂ 40 ಫ್ರಾಂಕ್ ದಂಡ.

ನನಗೆ ಖುಷಿ ಕೊಟ್ಟದ್ದು ಘಾಟಿಯ ಕಾನೂನು. ಇಕ್ಕಟ್ಟಿನಲ್ಲಿ ಎದುರಾದರೆ ಹತ್ತುವವನಿಗೆ ದಾರಿ ಬಿಡಬೇಕು. ನಮ್ಮಲ್ಲೂ ಅದೇ ಕಾನೂನಲ್ಲವೇ? ಬೆಟ್ಟದ ದಾರಿಯಲ್ಲಿ ಹಳದಿ ಪೋಸ್ಟ್ ಬಸ್ ಬಂದರೆ ಎಲ್ಲರೂ ಪಕ್ಕಕ್ಕೆ. ಅದು ಮೂರು ಸ್ವರದ ಹಾರನ್ ಹೊಡೆಯುತ್ತಂತೆ, ತಿರುವಿನಾಚೆಯಿಂದಲೇ ಗೊತ್ತಾಗಲಿ ಅಂತ. ನಮ್ಮ ಮಾದಪ್ಪನ ಬೆಟ್ಟದ ಕೆಂಪು ಬಸ್ಸಿನ ಡ್ರೈವರಣ್ಣನಿಗೆ ನಾವು ಕೊಡುವ ಮರ್ಯಾದೆಯೇ ಅದು. ಹತ್ತಿದ ಗೇರಲ್ಲೇ ಇಳೀಬೇಕು, ಬ್ರೇಕ್ ತುಳಿದುಕೊಂಡೇ ಇಳಿಯಬಾರದು ಅನ್ನೋದನ್ನ ನನಗೆ ಕಲಿಸಿದ್ದು ತಾಳಬೆಟ್ಟದ ದಾರಿ. ಫುರ್ಕಾದಲ್ಲೂ ನಡೆಯೋದು ಅದೇ.

ಹನೂರಿನವನದು ಒಂದೇ ಷರತ್ತು. ರಾತ್ರಿ ಏಳು ಗಂಟೆ ನಿದ್ದೆ ಮಾಡದವನು ಬೆಳಿಗ್ಗೆ ಕೀ ಮುಟ್ಟುವಂತಿಲ್ಲ, ಸುಳ್ಳು ಹೇಳಿದರೆ ಪ್ರವಾಸ ಅಲ್ಲಿಗೇ ಮುಗೀತು. ನಾನು ಮಾದಪ್ಪನ ಮೇಲೆ ಆಣೆ ಇಟ್ಟೆ. 'ಆಣೆ ಬ್ಯಾಡ, ಗಡಿಯಾರ ತೋರ್ಸು' ಅಂದ.

ಬರುವ ಭಾನುವಾರ ರಿಹರ್ಸಲ್ ಮತ್ತೆ ಇದೆ. ಶನಿವಾರ ಗೂಡಿನ ಟ್ರಿಪ್ಪು ಬೇಡ ಅಂದಿದ್ದೇನೆ, ಒಂದು ದಿನದ ಬಾಡಿಗೆ ಹೋಯಿತು. ಇಡ್ಲಿ ತಿಂದು ಎಂಟು ಗಂಟೆಗೆ ಹೊರಡೋದು. ಈ ಸಲ ಮಾದಪ್ಪನ ಬೆಟ್ಟ ಒಂದೇ, ಬಿಳಿಗಿರಿರಂಗ ಇನ್ನೊಂದು ವಾರ ಕಾಯಲಿ. ಹತ್ತುವಾಗ ಸ್ಟೇರಿಂಗ್ ಹನೂರಿನವನ ಕೈಯಲ್ಲಿ, ಇಳಿಯುವಾಗ ನನ್ನದು. ಕೌದಳ್ಳಿ ದಾರಿಯಲ್ಲಿ ಆ ಹುಣಸೆ ಮರದ ಹತ್ತಿರ ಗಾಡಿ ನಿಲ್ಲಿಸಿ ಒಂದು ಫೋಟೋ ತೆಗೀಬೇಕು ಅಂತ ಯಳಂದೂರಿನವನ ಹಟ. ಪಾಪ, ಮೊದಲ ಸಲ ಅವನು ಅದನ್ನ ಸರಿಯಾಗಿ ನೋಡಿರಲೇ ಇಲ್ಲ.