ಮದ್ದು ಕೆಲಸ ಮಾಡ್ತಾ ಉಂಟಾ? ಚಿನ್ನದ ಬಣ್ಣ ಹೇಳೀತು!

ಕಳೆದ ತಿಂಗಳು ಪೊಳಲಿಗೆ ಹೋದಾಗ ಮಾವ ಜಗಲಿಯಲ್ಲಿ ಕೂತು ಕೇಳಿದರು, "ಈ ಮದ್ದು ಒಳಗೆ ಕೆಲಸ ಮಾಡ್ತಾ ಉಂಟಾ ಇಲ್ವಾ, ಹೇಗೆ ಗೊತ್ತಾಗುದು ಮಾರಾಯ?"

ಮಾವನಿಗೆ ಎಂಡಿಎಸ್. ಅಂದರೆ ಅವರ ಅಸ್ಥಿಮಜ್ಜೆ ಸರಿಯಾದ ರಕ್ತಕಣಗಳನ್ನು ತಯಾರಿಸುತ್ತಿಲ್ಲ. ತಿಂಗಳಿಗೆ 7 ದಿನ ಕೈಕಂಬದ ಮೇಲೆ ಮಂಗಳೂರಿಗೆ ಹೋಗಿ ಅಝಾಸೈಟಿಡಿನ್ ಇಂಜೆಕ್ಷನ್ ತಗೊಳ್ತಾರೆ. ಗುಣ ಕಾಣಲು 4ರಿಂದ 6 ಸುತ್ತು ಬೇಕಾಗಬಹುದಂತೆ. ಅಲ್ಲಿಯವರೆಗೆ ಕಾಯಬೇಕು.

ನಾನು ಸಾಫ್ಟ್‌ವೇರ್ ಎಂಜಿನಿಯರ್, ಬಯಾಲಜಿ ಪಿಯುಸಿಗೇ ಮುಗಿದಿತ್ತು. ಆದರೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಬೆಂಗಳೂರಿನ ಬಸ್ಸಿನಲ್ಲೇ ಓದಲು ಶುರು ಮಾಡಿದೆ.

ನಮ್ಮ ಡಿಎನ್‌ಎ ಮೇಲೆ ಅಲ್ಲಲ್ಲಿ ಮಿಥೈಲ್ ಎಂಬ ಪುಟ್ಟ ಗುರುತು ಇರುತ್ತದೆ. ಗುರುತು ಬಿದ್ದ ಜೀನ್ ಹೆಚ್ಚಾಗಿ ಸುಮ್ಮನಾಗುತ್ತದೆ. ನಾವು ಕೋಡ್‌ನ ಸಾಲನ್ನು ಅಳಿಸದೆ ಕಾಮೆಂಟ್ ಮಾಡಿಡುತ್ತೇವಲ್ಲ, ಹಾಗೆ. ಈ ಗುರುತು ಹಾಕುವ ಕಿಣ್ವವೇ ಡಿಎನ್‌ಎ ಮಿಥೈಲ್‌ಟ್ರಾನ್ಸ್‌ಫರೇಸ್. ಕ್ಯಾನ್ಸರ್‌ನಲ್ಲಿ ನಮ್ಮನ್ನು ಕಾಯಬೇಕಾದ ಜೀನ್‌ಗಳೂ ಹೀಗೆ ಸುಮ್ಮನಾಗಬಹುದು. ಅಝಾಸೈಟಿಡಿನ್ ಡಿಎನ್‌ಎ ಒಳಗೆ ಸೇರಿಕೊಂಡು, ಗುರುತು ಹಾಕಲು ಬಂದ ಕಿಣ್ವವನ್ನು ಅಲ್ಲೇ ಸಿಕ್ಕಿಸಿಬಿಡುತ್ತದೆ.

ಹಾಗಾಗಿ ಕಿಣ್ವ ಇದೆಯೇ ಎಂದು ನೋಡಿದರೆ ಸಾಲದು, ಅದು ಕೆಲಸ ಮಾಡುತ್ತಿದೆಯೇ ಎಂದು ಗೊತ್ತಾಗಬೇಕು. ಸರ್ವರ್ ಆನ್ ಇದ್ದ ಮಾತ್ರಕ್ಕೆ ರಿಕ್ವೆಸ್ಟ್‌ಗೆ ಉತ್ತರ ಬರುತ್ತಿದೆ ಅಂತಲ್ಲವಲ್ಲ! ಇದನ್ನು ಅಳೆಯಲು ವಿಜ್ಞಾನಿಗಳು ಚಿನ್ನವನ್ನು ಬಳಸುತ್ತಿದ್ದಾರೆ.

ಸುಮಾರು 13 ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ನೀರಿನಲ್ಲಿ ಹಳದಿ ಅಲ್ಲ, ಕೆಂಪಾಗಿ ಕಾಣುತ್ತವೆ. ಮೈಕೆಲ್ ಫ್ಯಾರಡೆ 1857ರಲ್ಲೇ ಇಂಥ ಕೆಂಪು ದ್ರಾವಣದ ಬಗ್ಗೆ ಬರೆದಿದ್ದ. ಕಣಗಳು ಗುಂಪುಗೂಡಿದರೆ ಬಣ್ಣ ನೇರಳೆಗೆ ತಿರುಗುತ್ತದೆ. 1996ರಲ್ಲಿ ಅಮೆರಿಕದ ಚಾಡ್ ಮಿರ್ಕಿನ್ ತಂಡ ಡಿಎನ್‌ಎ ಎಳೆಗಳಿಂದಲೇ ಈ ಕಣಗಳನ್ನು ಒಟ್ಟುಗೂಡಿಸಿ ತೋರಿಸಿತು.

ಪರೀಕ್ಷೆಯ ಒಂದು ಬಗೆ ಹೀಗಿದೆ. ಕಣಗಳನ್ನು ಜೋಡಿಸುವ ಎಳೆಯಲ್ಲಿ 'ಸಿಸಿಜಿಜಿ' ಎಂಬ ನಾಲ್ಕು ಅಕ್ಷರಗಳಿರುತ್ತವೆ. ಮೊದಲು ಗುರುತು ಹಾಕುವ ಕಿಣ್ವ, ಆಮೇಲೆ ಹೆಚ್‌ಪಾ-2 ಎಂಬ ಕತ್ತರಿಸುವ ಕಿಣ್ವ ಸೇರಿಸುತ್ತಾರೆ. ಗುರುತು ಇದ್ದಲ್ಲಿ ಈ ಕತ್ತರಿ ನಡೆಯುವುದಿಲ್ಲ. ಮೊದಲನೆಯದು ಕೆಲಸ ಮಾಡಿದ್ದರೆ ಎಳೆ ಉಳಿದು ನೇರಳೆ. ಮಾಡದಿದ್ದರೆ ಎಳೆ ತುಂಡಾಗಿ, ಕಣಗಳು ಚದುರಿ ಕೆಂಪು. ಬಣ್ಣ ಎಷ್ಟು ಬದಲಾಯಿತು ಎಂಬುದರಿಂದ ಕಿಣ್ವದ ಚಟುವಟಿಕೆ ಅಳೆಯಬಹುದು. ಇಂಥ ಗುರುತಿಸುವ, ಕತ್ತರಿಸುವ ಕಿಣ್ವಗಳ ಬಗ್ಗೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಡಿ.ಎನ್. ರಾವ್ ಅವರ ತಂಡ ದಶಕಗಳ ಕಾಲ ಸಂಶೋಧನೆ ನಡೆಸಿದೆ.

ಹಾಗಾದರೆ ಮಾವನಿಗೆ ಈ ಟೆಸ್ಟ್ ಮಾಡಿಸಬಹುದಾ? ಸದ್ಯಕ್ಕೆ ಇಲ್ಲ. ಲ್ಯಾಬಿನ ಶುದ್ಧ ದ್ರಾವಣ ಬೇರೆ, ಮನುಷ್ಯನ ರಕ್ತ ಬೇರೆ. ರಕ್ತದ ಉಪ್ಪು, ಪ್ರೋಟೀನುಗಳೂ ಕಣಗಳ ಮೇಲೆ ಪರಿಣಾಮ ಬೀರಿ ಬಣ್ಣ ದಾರಿ ತಪ್ಪಿಸಬಹುದು. ಡಾಕ್ಟರು ಈಗಲೂ ನೋಡುವುದು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಬಿಳಿ ರಕ್ತಕಣಗಳ ಲೆಕ್ಕ ಮತ್ತು ಅಸ್ಥಿಮಜ್ಜೆಯ ಪರೀಕ್ಷೆ. ನಿಮ್ಮ ಮನೆಯಲ್ಲೂ ಇಂಥ ಚಿಕಿತ್ಸೆ ನಡೆಯುತ್ತಿದ್ದರೆ ಆ ಸಂಖ್ಯೆಗಳ ಅರ್ಥ ಕೇಳಿ ತಿಳಿದುಕೊಳ್ಳಿ. ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಫೋನಿನಲ್ಲಿ ಇಷ್ಟೂ ಹೇಳಿದೆ. "ಹಾಗಾದ್ರೆ ನನ್ಗೆ ಬ್ಲಡ್ ಟೆಸ್ಟೇ ಗತಿ ಅಲ್ವಾ?" ಅಂದರು ಮಾವ. ಹೌದು ಅಂದೆ. ಸೋಮವಾರದಿಂದ ಅವರ ನಾಲ್ಕನೇ ಸುತ್ತು. ನಾನೂ ವರ್ಕ್ ಫ್ರಮ್ ಹೋಮ್ ತಗೊಂಡು ಊರಿಗೆ ಹೊರಟಿದ್ದೇನೆ.