ಬ್ಲ್ಯಾಕ್ ಸಬಾತ್ ಗಿಟಾರೂ ಸವದತ್ತಿ ಚೌಡಿಕೆಯೂ!

ಮಿತ್ರರೇ, ಶುರುವಿನಲ್ಲೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ.

1996ರ ಮಾತು. ಬೈಲಹೊಂಗಲ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕ್ಯಾಸೆಟ್ ಅಂಗಡಿ. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ. ಗಿರಾಕಿ ಚೀಟಿಯಲ್ಲಿ ಬರೆದುಕೊಟ್ಟ ಹಾಡುಗಳನ್ನು ಖಾಲಿ ಕ್ಯಾಸೆಟ್ಟಿಗೆ ತುಂಬಿಕೊಡುವುದು ನನ್ನ ಕೆಲಸ. ಮಂಗಳವಾರ, ಶುಕ್ರವಾರ ಬಂತೆಂದರೆ ಹಣೆ ತುಂಬ ಭಂಡಾರ ಬಳಿದುಕೊಂಡ ಜೋಗವ್ವ ಒಬ್ಬಾಕೆ ಬಗಲಲ್ಲಿ ಚೌಡಿಕೆ ಹಿಡಿದು ಅಂಗಡಿ ಮುಂದೆ ನಿಲ್ಲುತ್ತಿದ್ದಳು. ಎಲ್ಲಮ್ಮನ ಪದ ಎತ್ತುತ್ತಿದ್ದಳು. ನಾನೇನು ಮಾಡುತ್ತಿದ್ದೆ ಗೊತ್ತೇ? ಮೆಟಾಲಿಕಾ ಹಚ್ಚಿ ವಾಲ್ಯೂಮ್ ಪೂರ್ತಿ ತಿರುವಿಬಿಡುತ್ತಿದ್ದೆ! ಆಕೆ ಸ್ವಲ್ಪ ಹೊತ್ತು ನಿಂತು, ಮುಂದಿನ ಅಂಗಡಿಗೆ ಹೋಗುತ್ತಿದ್ದಳು. ಗೆದ್ದವನಂತೆ ನಾನು ನಗುತ್ತಿದ್ದೆ.

ನಮ್ಮೂರಿಗೆ ರಾಕ್ ಹೇಗೆ ಬಂತು ಅಂತೀರಾ? ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಸೋದರಮಾವನ ಮಗ ಒಂದು ಕ್ಯಾಸೆಟ್ ತಂದಿದ್ದ. ಒಂದು ಕಡೆ ಡೀಪ್ ಪರ್ಪಲ್, ಇನ್ನೊಂದು ಕಡೆ ರಾಜನ್-ನಾಗೇಂದ್ರ! ನನಗೆ ಎರಡೂ ಒಂದೇ ಸಲಕ್ಕೆ ಹಿಡಿಸಿಬಿಟ್ಟವು. ಇಂಗ್ಲಿಷ್ ಒಂದಕ್ಷರ ತಿಳಿಯುತ್ತಿರಲಿಲ್ಲ. ತಿಳಿಯಬೇಕಾಗಿಯೂ ಇರಲಿಲ್ಲ. ಇಳಯರಾಜರ ಸಂಗೀತಕ್ಕೆ ಶಂಕರ್‌ನಾಗ್ ಕುಣಿದ 1981ರ 'ಗೀತಾ' ನೋಡಿ ಬೆಳೆದ ಹುಡುಗರು ನಾವು. 1998ರಲ್ಲಿ ಉಪೇಂದ್ರರ 'ಎ' ಬಂದು, ಗುರುಕಿರಣ್ ಅಬ್ಬರಿಸಿದಾಗಲಂತೂ 'ನಮ್ಮವನೊಬ್ಬ ಬಂದನಪಾ' ಅಂತ ಅಂಗಡಿಯಲ್ಲಿ ಪೇಡೆ ಹಂಚಿದ್ದೆವು.

ಆದರೆ ಎದೆಯೊಳಗೆ ಕೂತದ್ದು ಬ್ಲ್ಯಾಕ್ ಸಬಾತ್. ಅದರ ಗಿಟಾರ್‌ಗಾರ ಟೋನಿ ಅಯೋಮಿಯ ಕಥೆ ಕೇಳಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಕಾರ್ಖಾನೆ ಹುಡುಗ. 17ನೇ ವಯಸ್ಸಿನಲ್ಲಿ, ಕೆಲಸ ಬಿಡುವ ಕೊನೆಯ ದಿನವೇ, ತಗಡಿನ ಯಂತ್ರಕ್ಕೆ ಕೈ ಸಿಕ್ಕಿ ಎರಡು ಬೆರಳಿನ ತುದಿ ಹೋದವು. ತಂತಿ ಒತ್ತುವ ಕೈಯದೇ! ಬೇರೆಯವನಾಗಿದ್ದರೆ ಗಿಟಾರ್ ಮಾರಿಬಿಡುತ್ತಿದ್ದ. ಇವನು ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ ತಂತಿಗಳನ್ನೂ ಸಡಿಲ ಮಾಡಿದ. ಸಡಿಲ ತಂತಿಯಿಂದ ಹೊರಟದ್ದು ನೆಲದೊಳಗಿಂದ ಬಂದಂಥ ಭಾರದ ದನಿ. 1970ರಲ್ಲಿ ಮೊದಲ ರೆಕಾರ್ಡು ಬಂತು. 'ಹೆವಿ ಮೆಟಲ್' ಅಂತ ಇಂದು ಏನು ಕರೆಯುತ್ತೇವೋ, ಅದರ ಬೇರು ಅಲ್ಲಿದೆ.

ಬೆಂಗಳೂರಿಗೆ 2002ರಲ್ಲಿ ರೋಜರ್ ವಾಟರ್ಸ್ ಬಂದ, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್. ಪೇಪರಿನಲ್ಲಿ ಫೋಟೋ ನೋಡಿದ್ದೇ ಬಂತು, ಕಿಸೆಯಲ್ಲಿ ರೊಕ್ಕ ಇರಬೇಕಲ್ಲ? 2011ರ ಅಕ್ಟೋಬರ್ 30ಕ್ಕೆ ಮಾತ್ರ ಬಿಡಲಿಲ್ಲ. ಮೆಟಾಲಿಕಾ, ಅರಮನೆ ಮೈದಾನ! ರಾತ್ರಿ ಬಸ್ಸಿಗೆ ಹೋಗಿ, ಕಾಲಿಗೆ ಕೆಸರು ಮೆತ್ತಿಸಿಕೊಂಡು, ಕೂಗಿ ಕೂಗಿ ಗಂಟಲು ಹರಿದುಕೊಂಡು ವಾಪಸು ಬಂದೆ. ಮೂರು ದಿನ ಮನೆಯಲ್ಲಿ ಬರೀ ಕೈಸನ್ನೆ!

ರಾಮದುರ್ಗದ ದೋಸ್ತ

ಹೊಸ ಹಾಡು ಹುಡುಕುವ ಚಟ ನನಗಿಂತ ರಾಮದುರ್ಗದ ಗೆಳೆಯನಿಗೆ ಜಾಸ್ತಿ. ಪವರ್‌ಲೂಮ್ ಕೆಲಸದವನು. 'ಮಗ್ಗದ ಸಪ್ಪಳದಾಗ ಮೆಟಲ್ ಬಿಟ್ಟ ಬ್ಯಾರೆ ಏನೂ ಕೇಳಸಂಗಿಲ್ಲೋ' ಅನ್ನುತ್ತಾನೆ. ರಾತ್ರಿ ಪಾಳಿಯಲ್ಲಿ ಎರಡು ಗಂಟೆಗೆ ಅವನ ವಾಟ್ಸಾಪು ಬರುತ್ತದೆ. 2008ರಲ್ಲಿ ಬಂದ ರಘು ದೀಕ್ಷಿತ್ ಆಲ್ಬಮ್ಮನ್ನು ನನಗೆ ಕೇಳಿಸಿದವನು ಅವನೇ. ಶಿಶುನಾಳ ಶರೀಫಜ್ಜನ ಪದಕ್ಕೆ ಗಿಟಾರ್! ಸಿ. ಅಶ್ವಥ್ ಕಂಠದಲ್ಲಿ ಕೇಳಿದ ಕಿವಿಗೆ ಮೊದಲು ಒಗ್ಗಲಿಲ್ಲ. ನಾಲ್ಕನೇ ಸಲಕ್ಕೆ ಒಗ್ಗಿತು. ಸ್ವರಾತ್ಮ ಬ್ಯಾಂಡೂ ಅವನ ಕೃಪೆಯೇ.

2022ರಲ್ಲಿ 'ಕಾಂತಾರ' ಬಂತು. ಅಜನೀಶ್ ಲೋಕನಾಥ್‌ರ 'ವರಾಹ ರೂಪಂ' ತಮ್ಮ 'ನವರಸಂ' ಹಾಡಿನಂತಿದೆ ಎಂದು ಕೇರಳದ ತೈಕ್ಕುಡಂ ಬ್ರಿಡ್ಜ್ ಬ್ಯಾಂಡು ಕೋರ್ಟು ಹತ್ತಿತು. ಯಾರು ಸರಿ ಎಂದು ತೀರ್ಪು ಕೊಡಲು ನಾನ್ಯಾರು? ಆದರೆ ಜಗಳದ ದೆಸೆಯಿಂದ ನಮಗೊಂದು ಮಲಯಾಳಿ ರಾಕ್ ಬ್ಯಾಂಡು ಸಿಕ್ಕಿತು. ಇಡೀ ವಾರ ಅದನ್ನೇ ಕೇಳಿದೆವು.

ಇನ್ನು ಕಿತ್ತೂರು. 1824ರ ಅಕ್ಟೋಬರ್ 23ರಂದು ಚೆನ್ನಮ್ಮ ರಾಣಿ ಗೆದ್ದ ನೆನಪಿಗೆ ನಡೆಯುವ ಉತ್ಸವಕ್ಕೆ ತಪ್ಪದೆ ಹೋಗುತ್ತೇನೆ. ಹೋಗುವುದು ಸಂಜೆ, ಸಿನಿಮಾ ಗಾಯಕರ ಹೊತ್ತಿಗೆ. ಒಂದು ವರ್ಷ ಬೇಗ ಬಸ್ಸು ಸಿಕ್ಕಿ ಮೆರವಣಿಗೆಯ ಹೊತ್ತಿಗೇ ಇಳಿದೆ. ಎದುರಿಗೆ ಕರಡಿ ಮಜಲು! ಆ ಪೆಟ್ಟು ಹೊಟ್ಟೆಯೊಳಗೆ ಬಿತ್ತು. ಅರಮನೆ ಮೈದಾನದಲ್ಲಿ ಬಿದ್ದ ಜಾಗಕ್ಕೇ ಬಿತ್ತು. ಇಷ್ಟು ವರ್ಷ ಇದನ್ನು ಬಿಟ್ಟು ನಾನು ಎಲ್ಲಿದ್ದೆ?

ಗುಡ್ಡದ ಮೇಲೆ

2025ರ ಜುಲೈ 5ರಂದು ಬ್ಲ್ಯಾಕ್ ಸಬಾತ್ ತಮ್ಮೂರಲ್ಲೇ ಕೊನೆಯ ಕಛೇರಿ ಮಾಡಿತು. ಗಾಯಕ ಓಜಿ ಆಸ್ಬೋರ್ನ್ ಕುರ್ಚಿಯಲ್ಲಿ ಕೂತೇ ಹಾಡಿದ. 22ರಂದು ತೀರಿಕೊಂಡ. ಮುಂದಿನ ಮಂಗಳವಾರ ಅವ್ವನ ಹರಕೆಗೆಂದು ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟೆವು. ಬಸ್ಸಿನಲ್ಲಿ ನನ್ನ ಕಿವಿಯಲ್ಲಿ ಓಜಿ. ಗುಡ್ಡದಲ್ಲಿ ಇಳಿದು ವಯರು ಕಿತ್ತೆ. ಆದರೂ ಗಿಟಾರು ನಿಲ್ಲಲಿಲ್ಲ!

ಮೆಟ್ಟಿಲ ಬದಿಗೆ ಒಬ್ಬ ಮುದುಕಿ ಚೌಡಿಕೆ ಮೀಟುತ್ತಿದ್ದಳು. ಚೌಡಿಕೆ ನೋಡಿದ್ದೀರಲ್ಲ? ಪೊಳ್ಳು ಕಟ್ಟಿಗೆ, ಒಂದು ಕಡೆ ಚರ್ಮ, ಒಂದೇ ತಂತಿ. ತಂತಿ ಅಲುಗಿದರೆ ಚರ್ಮ ಗುಂಯ್ ಎನ್ನುತ್ತದೆ. ಆ ಒಡಕು ಗುಂಯ್‌ಗಾಗಿ 1964ರಲ್ಲಿ ಕಿಂಕ್ಸ್ ಬ್ಯಾಂಡಿನ ಡೇವ್ ಡೇವಿಸ್ ತನ್ನ ಸ್ಪೀಕರಿನ ಕಾಗದವನ್ನು ಬ್ಲೇಡಿನಿಂದ ಸೀಳಿದ್ದ. ನಮ್ಮ ಜೋಗವ್ವಗಳಿಗೆ ಬ್ಲೇಡು ಬೇಕಾಗಿರಲಿಲ್ಲ.

ಮುಖ ನೋಡಿದೆ. ಎದೆ ಧಸಕ್ಕೆಂದಿತು.

'ಯವ್ವಾ, ಹೊಂಗಲ ಬಸ್‌ಸ್ಟ್ಯಾಂಡಿಗೆ ಬರತಿದ್ದೆಲಾ ನೀ?'

ಆಕೆ ಕಣ್ಣು ಕಿರಿದು ಮಾಡಿದಳು. 'ಪೆಟ್ಟಿಗಿ ಜೋರ ಮಾಡೋ ಹುಡುಗ ಹೌದಲ್ಲ ನೀ!'

ನಾನು ನೆಲಕ್ಕೆ ಕೂತೆ. ಏನು ಹೇಳಲಿ? ಹಾಡು ರೆಕಾರ್ಡು ಮಾಡಿಕೊಳ್ಳಲೇ ಎಂದೆ. 'ರೊಕ್ಕ ಎಷ್ಟ ಕೊಡತಿ?' ಎಂದಳು. ಐನೂರು ಕೊಟ್ಟೆ. 'ಆಗಿಂದೂ ಕೂಡಿ ಏನಪಾ?' ಎಂದು ನಕ್ಕಳು. ಹನ್ನೊಂದು ನಿಮಿಷ ಹಾಡಿದಳು. ಆಮೇಲೆ ಆಕೆಯ ಕಿವಿಗೆ ನನ್ನ ಸಬಾತ್ ಹಚ್ಚಿದೆ, ಅಯೋಮಿಯ ಬೆರಳಿನ ಕಥೆ ಹೇಳಿದೆ. 'ಬಟ್ಟಿಗಿ ಪ್ಲಾಸ್ಟಿಕ್ ಹಚ್ಚಕೊಂಡ ಬಾರಸತಾನ? ಭಾರಿ ಗದ್ಲಪಾ... ಖರೇ, ಕೆಳಗಿನ ತಂತಿ ಚಲೋ ಐತಿ' ಅಂದಳು. ಕಡ್ಡಿ ಹಿಡಿದು ಜಡ್ಡುಗಟ್ಟಿದ ತನ್ನ ಬೆರಳು ತೋರಿಸಿದಳು.

ಇದನ್ನು ಯಾರಿಗಾದರೂ ಕಲಿಸಿದ್ದೀಯಾ ಎಂದು ಕೇಳಿದ್ದೇ ತಪ್ಪಾಯಿತು. ಆಕೆಗೆ ಮುತ್ತು ಕಟ್ಟಿದ್ದು ತಿಳಿವಳಿಕೆ ಬರುವ ಮೊದಲು. ದೇವದಾಸಿ ಬಿಡುವುದನ್ನು ನಿಷೇಧಿಸಿದ ಕಾಯ್ದೆ 1982ರದು. ಅಷ್ಟರೊಳಗೆ ಆಕೆಯ ಬಾಳು ಆಗಿಹೋಗಿತ್ತು. 'ಮೊಮ್ಮಗಳು ಧಾರವಾಡದಾಗ ನರ್ಸಿಂಗ್ ಓದತಾಳ. ಈ ತಂತಿ ಅಕಿ ಕೈಯಾಗ ಕೊಡಂಗಿಲ್ಲ.'

'ಮುತ್ತು ಕಟ್ಟದನೂ ಕಲಸಬಹುದಲ್ಲ, ಯವ್ವಾ?'

'ಕಲಸಬಹುದು. ಅಕಿ ಕೈಯಾಗ ಇದನ್ನ ನೋಡಿದ ಮಂದಿ ಏನ ಅಂತಾರ, ಅದನ್ನ ನೀ ತಡೀತಿಯೇನ?'

ನಾನು ಸುಮ್ಮನಾದೆ. ಆ ಪದ್ಧತಿ ಸಾಯಬೇಕು, ಸರಿ. ಆದರೆ ಆ ನಾದ? ರಾಕ್ ಕೇಳಿ ಕೇಳಿ ಕಿವಿ ತೆರೆಯುವ ಹೊತ್ತಿಗೆ, ಕೊಡುವ ಕೈ ಮುಚ್ಚಿಕೊಂಡಿತ್ತು. ಮುಚ್ಚಲು ಆಕೆಗೆ ಪೂರ್ತಿ ಹಕ್ಕಿತ್ತು.

ಆಗ ಆಕೆಯೇ ಚೌಡಿಕೆಯನ್ನು ನನ್ನ ತೊಡೆಯ ಮೇಲಿಟ್ಟಳು. 'ನೀ ಕಲಿ. ಗಂಡಸ ಅದಿ, ಅಂಗಡಿ ಮಂದಿ ಅದೀರಿ. ನಿನಗ ಯಾರ ಏನ ಅಂತಾರ?'

ಆಮೇಲೆ ಆರು ಮಂಗಳವಾರ ಗುಡ್ಡಕ್ಕೆ ಹೋಗಿದ್ದೇನೆ, ಮಿತ್ರರೇ. ತಾಳ ಇನ್ನೂ ಕೂತಿಲ್ಲ. ಕಡ್ಡಿ ಹಿಡಿದು ಬೆರಳಲ್ಲಿ ಬೊಬ್ಬೆ ಎದ್ದಿದೆ. ಹೋದ ವಾರ ತೋರಿಸಿದೆ.

'ಆ ನಿನ್ನ ಸಾಹೇಬನಗತೆ ಪ್ಲಾಸ್ಟಿಕ್ ಹಚ್ಚಕೊಂಡ ಬಾ' ಅಂದಳು.